ಇಂಗ್ಲಿಷಿನ ‘ಕಟ್’ ಪದವನ್ನು ಕನ್ನಡಕ್ಕೆ ತರುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಅನುವಾದ ತಿದ್ದಲು ಕೂತಾಗಲೆಲ್ಲ ನನ್ನ ಪೆನ್ಸಿಲ್ ಮೊದಲು ನಿಲ್ಲುವುದು ‘ಕತ್ತರಿಸಿ’ ಅನ್ನುವ ಪದದ ಮೇಲೆ. ಈರುಳ್ಳಿ ಕತ್ತರಿಸಿ, ಮರ ಕತ್ತರಿಸಿ, ಭತ್ತ ಕತ್ತರಿಸಿ, ಖರ್ಚು ಕತ್ತರಿಸಿ, ಕರೆಂಟ್ ಕತ್ತರಿಸಿ. ಬರೆದವರಿಗೆ ಕನ್ನಡ ಚೆನ್ನಾಗಿಯೇ ಗೊತ್ತಿರುತ್ತದೆ. ಮನೆಯಲ್ಲಿ ಅವರು ‘ಈರುಳ್ಳಿ ಹೆಚ್ಚಿಕೊಡು’ ಅಂತಲೇ ಹೇಳುತ್ತಾರೆ. ಆದರೆ ಇಂಗ್ಲಿಷ್ ವಾಕ್ಯ ಎದುರಿಗೆ ಬಂದ ಕೂಡಲೇ ಆ ಮಾತು ನೆನಪಿಗೆ ಬರುವುದಿಲ್ಲ, ನಿಘಂಟಿನ ಮೊದಲ ಅರ್ಥ ಕೈಗೆ ಬರುತ್ತದೆ.

ಇಂಗ್ಲಿಷ್ ‘ಕಟ್’ ಅನ್ನುವ ಒಂದೇ ಪದದಲ್ಲಿ ಎಲ್ಲ ಕೆಲಸ ಮುಗಿಸುತ್ತದೆ. ಕನ್ನಡದಲ್ಲಿ ಹಾಗಲ್ಲ. ಕೈಯಲ್ಲಿ ಯಾವ ಸಲಕರಣೆ ಇದೆ, ಕತ್ತಿ ಯಾವುದಕ್ಕೆ ತಾಗುತ್ತಿದೆ, ಕೊನೆಗೆ ಏನು ಉಳಿಯುತ್ತದೆ ಅನ್ನುವುದನ್ನು ನೋಡಿ ಕ್ರಿಯಾಪದ ಬದಲಾಗುತ್ತದೆ. ಹಾಗಾಗಿ ನಿಘಂಟು ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಅವನ್ನು ಯಾವ ಕ್ರಮದಲ್ಲಿ ಕೇಳಬೇಕು ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ನಾಲ್ಕನೇ ಹಂತದಿಂದ ಶುರು ಮಾಡಿದವರೇ ಜಾಸ್ತಿ ಎಡವುವುದು.

## ಮೊದಲು ಇಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಮೂಲದ ಇಡೀ ಪ್ಯಾರಾ ಬೇಕು. ಬರೀ ಒಂದು ವಾಕ್ಯ ಇಟ್ಟುಕೊಂಡು ‘ಕಟ್’ಗೆ ಕನ್ನಡ ಹುಡುಕಬೇಡಿ. ಚಿತ್ರಗಳಿದ್ದರೆ ಅವೂ ಇರಲಿ. ಎಷ್ಟೋ ಸಲ ಚಿತ್ರದಲ್ಲಿರುವ ಕತ್ತಿಯೋ ಗರಗಸವೋ ಉತ್ತರ ಹೇಳಿಬಿಡುತ್ತದೆ.

ಎರಡು ನಿಘಂಟು ಸಾಕು. ಒಂದು, ‘ಕಟ್ ಡೌನ್’, ‘ಕಟ್ ಇನ್’ ತರಹದ ಜೋಡಿ ಪದಗಳಿಗೆ ಬೇರೆಬೇರೆಯಾಗಿ ಅರ್ಥ ಕೊಡುವ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಇನ್ನೊಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. ಕಿಟೆಲ್ ನಿಘಂಟನ್ನು ಹಿಂದಿನಿಂದ ಬಳಸಿ. ಅಂದರೆ, ನೀವು ಆರಿಸಿದ ಕನ್ನಡ ಪದವನ್ನು ಅಲ್ಲಿ ಹುಡುಕಿ, ಅದಕ್ಕೆ ಇನ್ನೇನು ಅರ್ಥಗಳಿವೆ ನೋಡಿ.

ಮೂರನೆಯದು ಆ ಕೆಲಸ ಮಾಡುವ ಒಬ್ಬ ಮನುಷ್ಯ. ಬಡಗಿ, ದರ್ಜಿ, ರೈತ, ಅಡುಗೆ ಮಾಡುವವರು, ಯಾರಾದರೂ ಸರಿ. ‘ಇದನ್ನ ಹೀಗೆ ಮಾಡೋದಕ್ಕೆ ಏನಂತೀರಿ?’ ಅಂತ ಒಂದು ಫೋನ್ ಮಾಡಿ ಕೇಳಿದರೆ ಅರ್ಧ ಗಂಟೆ ಹುಡುಕಾಟ ಉಳಿಯುತ್ತದೆ.

## ಹಂತ 1: ಪಕ್ಕದಲ್ಲಿ ಯಾವ ಪದ ಕೂತಿದೆ ನೋಡಿ

‘ಕಟ್’ ಆದ ಮೇಲೆ ಡೌನ್, ಆಫ್, ಇನ್, ಔಟ್, ಅಪ್, ಬ್ಯಾಕ್ ಇವುಗಳಲ್ಲಿ ಒಂದಿದೆಯೇ? ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದ ಅಂತ ತಿಳಿದು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಇವೆರಡರ ಮಧ್ಯೆ ಬೇರೆ ಪದಗಳು ನುಗ್ಗಿ ಕೂತಿರುವುದೂ ಉಂಟು, ಕಣ್ಣು ಮುಂದಕ್ಕೂ ಓಡಿಸಿ.

‘ಕಟ್ ಡೌನ್ ದ ಟ್ರೀ’ ಅಂದರೆ ಮರ ಕಡಿಯುವುದು. ‘ಕಟ್ ಡೌನ್ ಆನ್ ಶುಗರ್’ ಅಂದರೆ ಸಕ್ಕರೆ ಕಡಿಮೆ ಮಾಡುವುದು. ಎರಡರ ನಡುವೆ ಇರುವುದು ‘ಆನ್’ ಅನ್ನುವ ಒಂದು ಪುಟ್ಟ ಪದ. ಅದನ್ನು ನೋಡದೆ ದಾಟಿದರೆ ಆರೋಗ್ಯದ ಲೇಖನದಲ್ಲಿ ‘ಸಕ್ಕರೆ ಕತ್ತರಿಸಿ’ ಅಂತ ಬಂದು ಕೂರುತ್ತದೆ.

‘ಕಟ್ ಆಫ್’ ಇನ್ನೂ ಹುಷಾರಾಗಿ ನೋಡಬೇಕಾದದ್ದು. ನೆರೆಯಿಂದ ಊರು ‘ಕಟ್ ಆಫ್’ ಆದರೆ ಊರಿನ ಸಂಪರ್ಕ ಕಡಿದುಹೋಯಿತು. ಮಾತಾಡುತ್ತಿದ್ದವರನ್ನು ‘ಕಟ್ ಆಫ್’ ಮಾಡಿದರೆ ಅವರ ಮಾತನ್ನು ಅರ್ಧಕ್ಕೇ ತಡೆದರು. ಮೆರಿಟ್ ಪಟ್ಟಿಯ ‘ಕಟಾಫ್’ ಹಾಗೇ ಇರಲಿ, ಓದುವ ಮಕ್ಕಳಿಗೆಲ್ಲ ಗೊತ್ತಿರುವ ಪದ ಅದು.

‘ಕಟ್ ಇನ್’ ಸರದಿ ಸಾಲಿನಲ್ಲಿ ಆದರೆ ಮಧ್ಯೆ ನುಗ್ಗುವುದು, ಮಾತಿನಲ್ಲಿ ಆದರೆ ಮಧ್ಯೆ ಬಾಯಿ ಹಾಕುವುದು. ಬೇಕಿಂಗ್ ಪುಸ್ತಕದಲ್ಲಿ ‘ಕಟ್ ದ ಬಟರ್ ಇನ್‌ಟು ದ ಫ್ಲೌರ್’ ಅಂತ ಬರುತ್ತದೆ. ಇದನ್ನು ‘ಬೆಣ್ಣೆಯನ್ನು ಕತ್ತರಿಸಿ ಹಿಟ್ಟಿಗೆ ಹಾಕಿ’ ಅಂತ ಬರೆದರೆ ಓದಿದವರು ತುಂಡು ಹಾಕಿ ಸುಮ್ಮನಾಗುತ್ತಾರೆ, ಬಿಸ್ಕತ್ತು ಕೆಡುತ್ತದೆ. ಅಲ್ಲಿ ಹೇಳುತ್ತಿರುವುದು ಇಷ್ಟು: ತಣ್ಣನೆಯ ಬೆಣ್ಣೆಯನ್ನು ಹಿಟ್ಟಿನ ಜೊತೆ ಸೇರಿಸಿ, ಪುಡಿಪುಡಿಯಾಗಿ ರವೆಯ ಹಾಗೆ ಉದುರುವವರೆಗೆ ಬೆರೆಸಿ. ಬೆಣ್ಣೆ ಕರಗಬಾರದು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕುತ್ತಾ ಕೂರಬೇಡಿ, ಕೆಲಸವನ್ನು ವಿವರಿಸಿಬಿಡಿ.

‘ಕಟ್ ಔಟ್ ಫಾರ್’ ಅಂತ ಬಂದರೆ ‘ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ’ ಅನ್ನಿ. ಎಂಜಿನ್ ‘ಕಟ್ ಔಟ್’ ಆಯಿತು ಅಂದರೆ ಎಂಜಿನ್ ನಿಂತುಹೋಯಿತು.

## ಹಂತ 2: ನಿಜವಾಗಿ ಅಲ್ಲೊಂದು ಅಲಗು ಇದೆಯೇ?

ಜೋಡಿ ಪದ ಇಲ್ಲದಿದ್ದರೂ ‘ಕಟ್’ ಅಂದ ಕಡೆಯೆಲ್ಲ ಕತ್ತಿ ಇರುವುದಿಲ್ಲ. ಕಣ್ಣು ಮುಚ್ಚಿ ದೃಶ್ಯ ನೆನೆಸಿಕೊಳ್ಳಿ. ಏನಾದರೂ ಎರಡು ಭಾಗ ಆಗುತ್ತಿದೆಯೇ? ಇಲ್ಲ ಅಂದರೆ ಕತ್ತರಿಸುವ, ಕಡಿಯುವ ಪದಗಳನ್ನೆಲ್ಲ ಪಕ್ಕಕ್ಕಿಡಿ.

ಈ ಹಂತ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಪಂಪ್‌ಸೆಟ್ ಕೈಪಿಡಿಯೊಂದರ ಕರಡು ತಿದ್ದಲು ನನ್ನ ಕೈಗೆ ಬಂದಿತ್ತು. ಮೂಲದಲ್ಲಿ ‘ಕಟ್ ದ ಪವರ್ ಬಿಫೋರ್ ಓಪನಿಂಗ್ ದ ಕವರ್’ ಅಂತಿತ್ತು. ಕನ್ನಡದಲ್ಲಿ ‘ಮುಚ್ಚಳ ತೆರೆಯುವ ಮೊದಲು ವಿದ್ಯುತ್ ತಂತಿಯನ್ನು ಕತ್ತರಿಸಿ’ ಅಂತ ಬರೆದಿದ್ದರು. ಓದಿ ನನಗೆ ಎದೆ ಝಲ್ಲೆಂದಿತು. ಆ ಸಾಲನ್ನು ನಂಬಿದ ರೈತರೊಬ್ಬರು ಕರೆಂಟ್ ಇರುವ ತಂತಿಗೇ ಕಟಿಂಗ್ ಪ್ಲೇಯರ್ ಹಾಕಬಹುದಿತ್ತು. ‘ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಚ್ಚಳ ತೆರೆಯಿರಿ’ ಅಂತ ತಿದ್ದಿದೆ. ಯಂತ್ರ, ಔಷಧಿ, ವಿದ್ಯುತ್ತಿನ ಬರಹಗಳಲ್ಲಿ ಈ ಹಂತವನ್ನು ಎರಡು ಸಲ ಮಾಡಿ.

ಸಂಬಳದ ಮಾತಿನಲ್ಲೂ ಇದೇ ಎಚ್ಚರಿಕೆ ಇರಲಿ. ‘ಪೇ ಕಟ್’ ಅಂದರೆ ಇನ್ನು ಮುಂದೆ ಬರುವ ಸಂಬಳವೇ ಕಡಿಮೆ: ಪತ್ರಿಕೆಯಲ್ಲಿ ‘ವೇತನ ಕಡಿತ’, ಮಾತಿನಲ್ಲಿ ‘ಸಂಬಳ ಕಡಿಮೆ ಮಾಡಿದರು’. ರಜೆ ಹಾಕಿದ್ದಕ್ಕೆ ಒಂದು ದಿನದ ಹಣ ಹೋದರೆ ಅದು ‘ಸಂಬಳದಲ್ಲಿ ಹಿಡಿದುಕೊಂಡರು’ ಅಥವಾ ‘ಮುರಿದುಕೊಂಡರು’. ಎರಡಕ್ಕೂ ‘ಕಡಿತ’ ಅಂದರೆ ಓದುವವರಿಗೆ ಯಾವುದು ಅಂತ ತಿಳಿಯುವುದಿಲ್ಲ. ಅನುದಾನ ಇಳಿಸಿದ ಸುದ್ದಿಗೆ ‘ಅನುದಾನಕ್ಕೆ ಕತ್ತರಿ’ ಅನ್ನುವ ತಲೆಬರಹ ಎಲ್ಲರಿಗೂ ರೂಢಿಯಾಗಿದೆ, ಅದನ್ನು ಧೈರ್ಯವಾಗಿ ಬಳಸಿ.

ಮಗು ‘ಕಟ್ಸ್ ಎ ಟೂತ್’ ಅಂದರೆ ಹಲ್ಲು ಬರುತ್ತಿದೆ. ವಜ್ರವನ್ನು ‘ಕಟ್’ ಮಾಡಿದರು ಅಂದರೆ ಸಾಣೆ ಹಿಡಿದರು. ಹಾಲನ್ನು ನೀರಿನಿಂದ ‘ಕಟ್’ ಮಾಡಿದರೆ ನೀರು ಬೆರೆಸಿದರು. ‘ಶಾರ್ಟ್ ಕಟ್’ ದಾರಿಯ ಬಗ್ಗೆ ಆದರೆ ಒಳದಾರಿ. ‘ಅಡ್ಡದಾರಿ’ ಅನ್ನಬೇಡಿ, ಆ ಮಾತಿಗೆ ತಪ್ಪು ಕೆಲಸದ ನೆರಳು ಬಿದ್ದಿದೆ.

## ಹಂತ 3: ಯಾವ ಕಾಲ, ಯಾರು ಮಾಡುತ್ತಿದ್ದಾರೆ

‘ಕಟ್’ ರೂಪ ಬದಲಿಸುವುದಿಲ್ಲ. ಇವತ್ತೂ ಕಟ್, ನಿನ್ನೆಯೂ ಕಟ್, ‘ಕತ್ತರಿಸಿದ’ ಅನ್ನುವುದಕ್ಕೂ ಕಟ್. ‘ದೆ ಕಟ್ ದ ಟ್ರೀಸ್’ ಅನ್ನುವ ವಾಕ್ಯ ‘ಅವರು ಮರ ಕಡಿಯುತ್ತಾರೆ’ ಕೂಡ ಆಗಬಹುದು, ‘ಕಡಿದರು’ ಕೂಡ ಆಗಬಹುದು. ‘ಹಿ ಕಟ್’ ಅಂತ ‘ಸ್’ ಇಲ್ಲದೆ ಇದ್ದರೆ ಭೂತಕಾಲ ಅನ್ನುವುದೊಂದೇ ಸುಲಭದ ಗುರುತು. ಮಿಕ್ಕ ಕಡೆ ಹಿಂದಿನ ವಾಕ್ಯದ ಕಾಲ ನೋಡಿ, ಅದನ್ನೇ ಹಿಡಿಯಿರಿ.

ಅಡುಗೆ ಬರಹದಲ್ಲಿ ಇನ್ನೊಂದು ತೊಡಕಿದೆ. ಸಾಮಗ್ರಿ ಪಟ್ಟಿಯಲ್ಲಿ ‘ಒನ್ ಕಪ್ ಚಾಪ್ಡ್ ನಟ್ಸ್’ ಅಂತಿದ್ದರೆ ಮೊದಲು ಹೆಚ್ಚಿ ಆಮೇಲೆ ಅಳೆಯಬೇಕು. ‘ಒನ್ ಕಪ್ ನಟ್ಸ್, ಚಾಪ್ಡ್’ ಅಂತ ಅಲ್ಪವಿರಾಮದ ಆಚೆ ಇದ್ದರೆ ಮೊದಲು ಅಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿದ ಬೀಜ ಕಪ್ಪಿನಲ್ಲಿ ಒತ್ತಾಗಿ ಕೂರುತ್ತದೆ, ಆದ್ದರಿಂದ ಎರಡೂ ಅಳತೆ ಒಂದೇ ಆಗುವುದಿಲ್ಲ. ಕನ್ನಡದಲ್ಲಿ ‘ಹೆಚ್ಚಿದ ಗೋಡಂಬಿ 1 ಕಪ್’ ಮತ್ತು ‘ಗೋಡಂಬಿ 1 ಕಪ್, ಅಳೆದ ಮೇಲೆ ಹೆಚ್ಚಿಕೊಳ್ಳಿ’ ಅಂತ ಬಿಡಿಸಿ ಬರೆಯಿರಿ.

## ಹಂತ 4: ಕೈಯಲ್ಲಿ ಏನಿದೆ, ಅದು ಯಾವುದಕ್ಕೆ ತಾಗುತ್ತಿದೆ

ಇಲ್ಲಿ ನಿಧಾನ ಮಾಡಿ. ಕನ್ನಡದ ಸಂಪತ್ತೆಲ್ಲ ಇರುವುದು ಈ ಹಂತದಲ್ಲೇ.

ಒಂದು ಮರವನ್ನೇ ನೋಡಿ. ಕೊಡಲಿ ಬೀಸಿ ಉರುಳಿಸಿದರೆ ಮರ ಕಡಿದಂತೆ. ಅದಕ್ಕೂ ಮೊದಲು ಮಚ್ಚಿನಲ್ಲಿ ಸಣ್ಣ ರೆಂಬೆಗಳನ್ನು ತೆಗೆದರೆ ಸವರಿದಂತೆ. ಬಿದ್ದ ದಿಮ್ಮಿಯನ್ನು ಗರಗಸ ಹಾಕಿ ಹಲಗೆ ಮಾಡಿದರೆ ಕೊಯ್ದಂತೆ. ಉಳಿದದ್ದನ್ನು ಒಲೆಗೆ ಉದ್ದುದ್ದ ಮಾಡಿದರೆ ಸೌದೆ ಸೀಳಿದಂತೆ, ಸಿಗಿದಂತೆ. ಆ ಹಲಗೆಯ ಮೇಲೆ ಬಡಗಿ ಉಳಿ ಇಟ್ಟು ಹೂಬಳ್ಳಿ ಮೂಡಿಸಿದರೆ ಕೆತ್ತಿದಂತೆ. ಐದು ಕೆಲಸ, ಐದು ಪದ. ಇಂಗ್ಲಿಷ್ ಪುಸ್ತಕ ಐದನ್ನೂ ‘ಕಟ್’ ಅಂದಿರಬಹುದು. ಹಾಗಾಗಿ ಬರೀ ‘ಮರ’ ಅನ್ನುವುದನ್ನು ನೋಡಿ ಪದ ಆರಿಸಿದರೆ ಸಾಲದು, ಕೈಯಲ್ಲಿರುವ ಸಲಕರಣೆಯನ್ನೂ ನೋಡಬೇಕು.

ಅಡುಗೆಮನೆಗೆ ಬನ್ನಿ. ನನ್ನ ಸೋದರತ್ತೆ ಇವತ್ತಿಗೂ ಈಳಿಗೆ ಮಣೆಯಲ್ಲೇ ತರಕಾರಿ ಹೆಚ್ಚುವುದು. ಕರಾವಳಿಯಲ್ಲಿ ಇಂಥದ್ದನ್ನೇ ಮೆಟ್ಟುಗತ್ತಿ ಅನ್ನುತ್ತಾರೆ. ಒಂದು ಕಾಲನ್ನು ಮಣೆಯ ಮೇಲೆ ಊರಿ ಕೂರುತ್ತಾರೆ. ಅಲಗು ಅಲ್ಲಾಡುವುದಿಲ್ಲ, ಬದನೆಕಾಯಿಯೇ ಎರಡು ಕೈಗಳ ನಡುವೆ ಅಲಗಿನ ಕಡೆ ಹೋಗುತ್ತದೆ. ಹೋಳುಗಳು ಕೆಳಗಿಟ್ಟ ನೀರಿನ ಪಾತ್ರೆಗೆ ಟಪಟಪ ಬೀಳುತ್ತವೆ. ಹುಳಿಗೆ ಆದರೆ ಹೀಗೆ ಹೆಚ್ಚುತ್ತಾರೆ. ಎಣ್ಣೆಗಾಯಿಗೆ ಆದರೆ ತೊಟ್ಟನ್ನು ಹಾಗೇ ಉಳಿಸಿ, ಕಾಯಿಯನ್ನು ನಾಲ್ಕಾಗಿ ಸೀಳುತ್ತಾರೆ. ಬಿಡಿಯಾಗಬಾರದು, ಒಳಗೆ ಮಸಾಲೆ ತುಂಬಬೇಕು. ಮಣೆ ಅದೇ, ಬದನೆಕಾಯಿಯೂ ಅದೇ. ಹೋಳು ಬೇರೆ ಆಯಿತೋ ಅಂಟಿಕೊಂಡೇ ಉಳಿಯಿತೋ ಅನ್ನುವುದರ ಮೇಲೆ ಹೆಚ್ಚುವುದು ಸೀಳುವುದಾಯಿತು.

ಹಸಿಮೆಣಸಿನಕಾಯಿ ‘ಸ್ಲಿಟ್’ ಅಂತ ಬಂದಾಗಲೂ ಸೀಳು. ಬೆಳ್ಳುಳ್ಳಿ ‘ಕ್ರಶ್’ ಅಂದರೆ ಜಜ್ಜು. ತೆಂಗಿನಕಾಯಿ ‘ಕಟ್ ಓಪನ್’ ಅಂದರೆ ಒಡೆಯುವುದು. ಎಳನೀರಾದರೆ ಕೊಚ್ಚುವುದು ಅಥವಾ ಕೆತ್ತುವುದು. ಸೊಪ್ಪಿನ ಕುಡಿಯನ್ನು ಉಗುರಿನಲ್ಲಿ ತೆಗೆದರೆ ಚಿವುಟುವುದು. ಕಲ್ಲಂಗಡಿ ಕೊಯ್ಯುವುದು.

‘ಹೆಚ್ಚು’ ಬಳಸುವಾಗ ಒಂದು ಕಡೆ ಜಾರುತ್ತೀರಿ. ‘ಹೆಚ್ಚಿದ ಈರುಳ್ಳಿ’ ಸರಿ. ‘ಹೆಚ್ಚಿಸಿದ ಈರುಳ್ಳಿ’ ಅಂತ ಬರೆದರೆ ಈರುಳ್ಳಿಯ ಪ್ರಮಾಣ ಜಾಸ್ತಿ ಮಾಡಿದ ಹಾಗೆ ಓದಿಸಿಕೊಳ್ಳುತ್ತದೆ. ‘ಹೆಚ್ಚು ಈರುಳ್ಳಿ ಹೆಚ್ಚಿ’ ಅನ್ನುವ ಕಡೆ ಮೊದಲನೆಯದನ್ನು ‘ಜಾಸ್ತಿ’ ಮಾಡಿ, ಗೊಂದಲ ಹೋಗುತ್ತದೆ.

ಹೊಲದ ಕೆಲಸಕ್ಕೆ ಕುಡುಗೋಲು ಬಂತು ಅಂದರೆ ಬಹುತೇಕ ‘ಕೊಯ್ಯು’. ಭತ್ತ ಕೊಯ್ಯುವುದು, ರಾಗಿ ಕೊಯ್ಯುವುದು, ಹುಲ್ಲು ಕೊಯ್ಯುವುದು. ಆದರೆ ಕಬ್ಬು ಕಡಿಯುವುದು, ಅದರ ಕಾಂಡಕ್ಕೆ ಏಟು ಹಾಕಲೇಬೇಕು. ಇಲಾಖೆಯ ಬರಹಕ್ಕಾದರೆ ಎಲ್ಲದಕ್ಕೂ ‘ಕಟಾವು’ ನಡೆಯುತ್ತದೆ. ಹೂವಿನ ವಿಷಯದಲ್ಲಿ ಊರಿಂದ ಊರಿಗೆ ಪದ ಬದಲಾಗುತ್ತದೆ: ಒಂದು ಕಡೆ ಕೊಯ್ಯುತ್ತಾರೆ, ಒಂದು ಕಡೆ ಕೀಳುತ್ತಾರೆ, ಉತ್ತರ ಕರ್ನಾಟಕದ ಕಡೆ ಹರಿಯುತ್ತಾರೆ. ನಿಮ್ಮ ಓದುಗರು ಎಲ್ಲಿಯವರು ನೋಡಿ ಆರಿಸಿ.

ಮೈಗೆ ತಾಗಿದ ಗಾಯದ ವಿಷಯದಲ್ಲಿ ತಪ್ಪು ಮಾಡಲೇಬಾರದು. ‘ಐ ಕಟ್ ಮೈ ಫಿಂಗರ್’ ಅಂದರೆ ‘ಬೆರಳು ಕೊಯ್ದುಕೊಂಡೆ’. ‘ಬೆರಳು ಕತ್ತರಿಸಿಕೊಂಡೆ’ ಅಂದರೆ ಬೆರಳೇ ತುಂಡಾಗಿ ಹೋಯಿತು ಅನ್ನಿಸುತ್ತದೆ. ಪ್ರಥಮ ಚಿಕಿತ್ಸೆಯ ಕರಪತ್ರದಲ್ಲಿ ಈ ವ್ಯತ್ಯಾಸ ತಪ್ಪಿದರೆ ಸಣ್ಣ ಗಾಯಕ್ಕೆ ಮನೆಯವರು ಗಾಬರಿ ಬೀಳುತ್ತಾರೆ. ನಿಜವಾಗಿ ಬೆರಳು ತುಂಡಾದಾಗ ಏನು ಮಾಡಬೇಕು ಅನ್ನುವ ಸೂಚನೆ ಬೇರೆಯೇ ಇರುತ್ತದೆ, ಅದೂ ಇದರಲ್ಲಿ ಕಲಸಿಹೋಗುತ್ತದೆ.

ಹಾಗಾದರೆ ‘ಕತ್ತರಿಸು’ ಎಲ್ಲಿ? ಎರಡು ಅಲಗು ಸೇರುವ ಕತ್ತರಿ ಇರುವ ಕಡೆ. ಬಟ್ಟೆ, ಕಾಗದ, ಕೂದಲು, ಉದ್ಘಾಟನೆಯ ಟೇಪು, ಕುರಿಯ ಉಣ್ಣೆ. ಅಡಕತ್ತರಿಯಲ್ಲಿ ಅಡಿಕೆ. ಉಗುರನ್ನು ಕತ್ತರಿಸಬಹುದು, ಆದರೆ ಮನೆಮಾತಿನಲ್ಲಿ ‘ಉಗುರು ತೆಗೆ’ ಅನ್ನುವುದೇ ಹೆಚ್ಚು.

## ಹಂತ 5: ಉಳಿದ ತುಂಡಿನ ಆಕಾರ ಹೇಳಿ

ಇಂಗ್ಲಿಷಿನ ಅಡುಗೆ ಬರಹ ಆಕಾರವನ್ನು ಕ್ರಿಯಾಪದದಲ್ಲೇ ಇಡುತ್ತದೆ: ಸ್ಲೈಸ್, ಡೈಸ್, ಚಾಪ್, ಮಿನ್ಸ್. ಕನ್ನಡದಲ್ಲಿ ‘ಹೆಚ್ಚು’ ಹಾಗೇ ಇರುತ್ತದೆ, ಆಕಾರ ಅದರ ಮುಂದೆ ಬರುತ್ತದೆ. ಉದ್ದುದ್ದಕ್ಕೆ ಹೆಚ್ಚಿ, ಸಣ್ಣಗೆ ಹೆಚ್ಚಿ, ದಪ್ಪ ಹೋಳು ಮಾಡಿ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಸೌತೆಕಾಯಿಗೆ ‘ಬಿಲ್ಲೆ’ ಅಂದರೆ ದುಂಡನೆಯ ತೆಳು ತುಂಡು ಕಣ್ಣಿಗೇ ಕಟ್ಟುತ್ತದೆ, ಅಲ್ವಾ?

ಹೋಟೆಲ್ ಅಡುಗೆ ಕಲಿಸುವ ಪುಸ್ತಕ ಆದರೆ ಅಳತೆಯನ್ನೂ ಕೊಡಿ. ಅಲ್ಲಿ ‘ಸ್ಮಾಲ್ ಡೈಸ್’ ಅಂದರೆ ಸುಮಾರು 6 ಮಿಲಿಮೀಟರ್ ಚೌಕ, ‘ಮೀಡಿಯಂ ಡೈಸ್’ ಸುಮಾರು 12 ಮಿಲಿಮೀಟರ್. ‘ಜೂಲಿಯೆನ್’ ಅಂದರೆ ಸುಮಾರು 3 ಮಿಲಿಮೀಟರ್ ದಪ್ಪದ ಕಡ್ಡಿಗಳು. ಮನೆ ಅಡುಗೆಗೆ ಇಷ್ಟು ಬೇಡ, ‘ಬೆಂಕಿಕಡ್ಡಿಯ ಹಾಗೆ’ ಅಂದರೆ ಸಾಕು.

‘ಮಿನ್ಸ್’ ಎಚ್ಚರಿಕೆಯಿಂದ ನೋಡಿ. ತರಕಾರಿ ಆದರೆ ತೀರಾ ಸಣ್ಣಗೆ ಹೆಚ್ಚುವುದು. ಬ್ರಿಟಿಷ್ ಪುಸ್ತಕದಲ್ಲಿ ಅದು ನಾಮಪದವಾಗಿ ಬಂದರೆ ಖೀಮಾ.

## ಹಂತ 6: ಮೂಲ ಹಳೆಯದಾದರೆ ಪದದ ಹುಟ್ಟು ನೋಡಿ

ಇತ್ತೀಚಿನ ಬರಹವಾದರೆ ಈ ಹಂತ ದಾಟಿ. ಹಳೆಯ ಕಾವ್ಯ, ಧರ್ಮಗ್ರಂಥ, ಜಾನಪದ ಅನುವಾದಿಸುತ್ತಿದ್ದರೆ ಮಾತ್ರ ನಿಲ್ಲಿ.

‘ಕಟ್’ ಹಳೆಯ ಇಂಗ್ಲಿಷಿನ ದಾಖಲೆಗಳಲ್ಲಿ ಇಲ್ಲ. ಬರಹದಲ್ಲಿ ಕಾಣಿಸಿಕೊಳ್ಳುವುದು ಸುಮಾರು 1300ರ ಹೊತ್ತಿಗೆ. ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದಿರಬೇಕು ಅಂತ ನಿಘಂಟುಕಾರರು ಊಹಿಸುತ್ತಾರೆ. ಅದಕ್ಕೂ ಮೊದಲು ಕತ್ತರಿಸುವುದಕ್ಕೆಲ್ಲ ಬಳಕೆಯಲ್ಲಿದ್ದ ಮುಖ್ಯ ಪದಗಳಲ್ಲಿ ‘ಕಾರ್ವ್’ ಒಂದು. ‘ಕಟ್’ ಬಂದು ಕೂತ ಮೇಲೆ ‘ಕಾರ್ವ್’ ಕೆತ್ತನೆಗೆ ಮತ್ತು ಊಟದ ಮೇಜಿನ ಮಾಂಸಕ್ಕೆ ಸೀಮಿತವಾಯಿತು. ಹಾಗಾಗಿ ತೀರಾ ಹಳೆಯ ಸಾಲಿನಲ್ಲಿ ‘ಕಾರ್ವ್’ ಕಂಡ ಕೂಡಲೇ ‘ಕೆತ್ತು’ ಅನ್ನಬೇಡಿ. ‘ಶೀಯರ್’ ಈಗ ಉಣ್ಣೆಯ ಪದ. ಸ್ಕಾಟ್ಲೆಂಡಿನ ಹಳೆಯ ಹಾಡುಗಳಲ್ಲಿ ಅದು ತೆನೆ ಕೊಯ್ಯುವುದೂ ಆಗಿರಬಹುದು.

ಇನ್ನು ‘ಕ್ಲೀವ್’. ಇದರಲ್ಲಿ ಬೇರೆ ಬೇರೆ ಹುಟ್ಟಿನ ಎರಡು ಪದಗಳು ಒಂದೇ ರೂಪದಲ್ಲಿ ನಿಂತಿವೆ. ಒಂದಕ್ಕೆ ಸೀಳು ಅನ್ನುವ ಅರ್ಥ, ಇನ್ನೊಂದಕ್ಕೆ ಅಂಟಿಕೊಂಡಿರು ಅನ್ನುವ ಅರ್ಥ. 1611ರ ಇಂಗ್ಲಿಷ್ ಬೈಬಲ್ಲಿನ ಆದಿಕಾಂಡದಲ್ಲಿ ಗಂಡನು ಹೆಂಡತಿಯನ್ನು ‘ಕ್ಲೀವ್ ಅಂಟು’ ಅಂತ ಬರುತ್ತದೆ. ಅದು ಅಗಲದೆ ಜೊತೆಗಿರುವ ಮಾತು. ‘ಅಂಟು’ ಅನ್ನುವ ಆ ಇಂಗ್ಲಿಷ್ ಪದ ಜೊತೆಗಿದ್ದರೆ ಸೇರುವ ಅರ್ಥ ಅಂತ ಹಿಡಿಯಿರಿ. ಕನ್ನಡದ ‘ಅಂಟು’ವಿನ ಹಾಗೇ ಕೇಳಿಸುವುದರಿಂದ ನೆನಪಿಟ್ಟುಕೊಳ್ಳುವುದೂ ಸುಲಭ. ‘ಕ್ಲೆಫ್ಟ್’, ‘ಕ್ಲೋವನ್’ ರೂಪಗಳು ಸೀಳುವುದಕ್ಕೇ ಸೇರಿದವು: ಸೀಳುತುಟಿ, ಸೀಳು ಗೊರಸು.

## ಹಂತ 7: ‘ಕಟ್’ ಅನ್ನೇ ಬಿಡಬಹುದೇ?

ಬಿಡಬಹುದು. ಫೋನ್ ಕಟ್ ಆಯಿತು, ಕರೆಂಟ್ ಕಟ್, ಕೇಕ್ ಕಟ್ ಮಾಡು, ನಿರ್ದೇಶಕರು ‘ಕಟ್’ ಅಂದರು. ಇವು ಕನ್ನಡದ್ದೇ ಆಗಿವೆ. ಕಥೆಯಲ್ಲಿ ಬೆಂಗಳೂರಿನ ಹುಡುಗಿ ‘ಆನಿಯನ್ ಕಟ್ ಮಾಡ್ತೀನಿ’ ಅಂದರೆ ಅದನ್ನು ‘ಹೆಚ್ಚುತ್ತೇನೆ’ ಅಂತ ತಿದ್ದಬೇಡಿ, ಅವಳ ಮಾತು ಹಾಗೇ ಇರಲಿ. ನಿರೂಪಣೆಯಲ್ಲಿ ಮಾತ್ರ ಕನ್ನಡದ ಪದ ಹಾಕಿ.

## ಹಂತ 8: ಜೋರಾಗಿ ಓದಿ, ಕೈ ಆಡಿಸಿ ನೋಡಿ

ಬರೆದದ್ದನ್ನು ಗಟ್ಟಿಯಾಗಿ ಓದುತ್ತಾ ಆ ಕೆಲಸವನ್ನು ಬರಿಗೈಯಲ್ಲಿ ಮಾಡಿ ನೋಡಿ. ‘ಕಡಿಯಿರಿ’ ಅಂದಾಗ ಕೈ ಮೇಲಿಂದ ಕೆಳಗೆ ಬೀಳಬೇಕು. ‘ಕೊಯ್ಯಿರಿ’ ಅಂದಾಗ ಅಲಗು ಎಳೆದುಕೊಂಡು ಬರಬೇಕು. ‘ಸೀಳಿ’ ಅಂದಾಗ ಉದ್ದಕ್ಕೆ ಹೋಗಬೇಕು. ‘ಕೊಚ್ಚಿ’ ಅಂದಾಗ ಏಟಿನ ಮೇಲೆ ಏಟು ಬೀಳಬೇಕು. ಕೈ ಒಂದು ಕಡೆ, ಪದ ಒಂದು ಕಡೆ ಹೋದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಎಚ್ಚರಿಕೆಯ ಗುರುತುಗಳು ಇವು. ಒಂದೇ ಪುಟದಲ್ಲಿ ‘ಕತ್ತರಿಸಿ’ ಮೂರು ಸಲ ಬಂದರೆ ಎರಡಾದರೂ ತಪ್ಪಿರುತ್ತವೆ. ‘ಕತ್ತರಿಸಲ್ಪಟ್ಟ’ ಅಂತ ಕಂಡರೆ ಅಲ್ಲಿ ಇಂಗ್ಲಿಷ್ ಇನ್ನೂ ಕೂತಿದೆ, ‘ಕಡಿದ’, ‘ಹೆಚ್ಚಿದ’ ಅಂತ ಚಿಕ್ಕದು ಮಾಡಿ. ‘ಕಡಿತ’ ಬಂದ ಕಡೆ ಪಕ್ಕದಲ್ಲಿ ನಾಯಿ, ಹಾವು, ಸೊಳ್ಳೆ ಇದೆಯೇ ನೋಡಿ, ಅಲ್ಲಿ ಅರ್ಥ ಕಚ್ಚುವುದಾಗಿಬಿಡುತ್ತದೆ. ‘ಕೊಚ್ಚಿಕೊಂಡರು’ ಅಂತ ಬರೆಯುವಾಗಲೂ ನೋಡಿಕೊಳ್ಳಿ, ಅದು ಜಂಬ ಹೊಡೆಯುವ ಮಾತೂ ಹೌದು.

ಕೊನೆಗೆ ಒಂದು ಸಾಲನ್ನು ಪೂರ್ತಿ ಮಾಡಿ ನೋಡೋಣ. ಭತ್ತದ ಕೈಪಿಡಿಯಲ್ಲಿ ಹೀಗಿದೆ ಅಂದುಕೊಳ್ಳಿ: ‘ಕಟ್ ಆಫ್ ದ ವಾಟರ್ ಟೆನ್ ಡೇಸ್ ಬಿಫೋರ್ ಯು ಕಟ್ ದ ಕ್ರಾಪ್. ಕಟ್ ಕ್ಲೋಸ್ ಟು ದ ಗ್ರೌಂಡ್. ಕಟ್ ದ ಸ್ಟ್ರಾ ಫಾರ್ ಕ್ಯಾಟಲ್.’

ಮೊದಲನೆಯದು ಜೋಡಿ ಪದ, ಅಲಗು ಇಲ್ಲ: ‘ಕೊಯ್ಲಿಗೆ ಹತ್ತು ದಿನ ಇರುವಾಗ ಗದ್ದೆಗೆ ನೀರು ನಿಲ್ಲಿಸಿ.’ ಎರಡನೆಯ ‘ಕಟ್’ ಆಗಲೇ ‘ಕೊಯ್ಲು’ ಅನ್ನುವುದರಲ್ಲಿ ಸೇರಿಹೋಯಿತು, ಇನ್ನೊಮ್ಮೆ ಬೇಡ. ಮೂರನೆಯದು ಕುಡುಗೋಲಿನ ಕೆಲಸ: ‘ಬುಡಕ್ಕೆ ಹತ್ತಿರವಾಗಿ ಕೊಯ್ಯಿರಿ.’ ನಾಲ್ಕನೆಯದಕ್ಕೆ ಚಿತ್ರ ನೋಡಬೇಕು. ಮೇವು ಕತ್ತರಿಸುವ ಯಂತ್ರದ ಚಿತ್ರ ಇದ್ದರೆ ‘ಹುಲ್ಲನ್ನು ಸಣ್ಣಗೆ ಕತ್ತರಿಸಿ ದನಗಳಿಗೆ ಹಾಕಿ.’ ಮಚ್ಚು ಮತ್ತು ಮರದ ಕೊರಡಿನ ಚಿತ್ರ ಇದ್ದರೆ ‘ಸಣ್ಣಗೆ ಕೊಚ್ಚಿ ಹಾಕಿ.’ ಚಿತ್ರವೇ ಇಲ್ಲದಿದ್ದರೆ ಆ ಕೈಪಿಡಿ ಯಾವ ಊರಿಗೆ ಹೋಗುತ್ತಿದೆಯೋ ಅಲ್ಲಿಯ ಒಬ್ಬ ರೈತರಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಯಾವುದಿದೆ ಅಂತ ಕೇಳಿ.